ದೊಡ್ಡ ಬೆಂಕಿಗೆ ಪಕ್ಕದ ತಾಲ್ಲೂಕಿನ ಫೈರ್ ಗಾಡಿ: ಯಾರು ಕರೀತಾರೆ, ಎಷ್ಟು ಹೊತ್ತಿಗೆ ಬರ್ತದೆ, ಬರೋ ತನಕ ನಾವೇನು ಮಾಡ್ಬೇಕು?

ಪೇಟೆಯಲ್ಲಿ ಬೆಂಕಿ ಹತ್ತಿದಾಗ ಎಲ್ಲರ ಬಾಯಿಂದ ಬರೋ ಮೊದಲ ಮಾತು, "ಫೈರ್ ಗಾಡಿಗೆ ಫೋನ್ ಹಚ್ರಿ". ಕಾಲು ತಾಸು ಕಳೆದ ಮೇಲೆ ಕೇಳೋ ಎರಡನೇ ಮಾತು, "ಒಂದ ಗಾಡಿ ಬಂತು, ನೀರು ಖಾಲಿ ಆತು, ಇನ್ನೊಂದು ಎಲ್ಲೈತಿ?"

ಈ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದು ತಾಲ್ಲೂಕಿನ ಅಗ್ನಿಶಾಮಕ ಠಾಣೆಯ ಕೈ ಮೀರಿದ ಬೆಂಕಿಗೆ ಅಕ್ಕಪಕ್ಕದ ಠಾಣೆಗಳ ಗಾಡಿಗಳು ಹೇಗೆ ಬರ್ತವೆ, ಬಂದ ಮೇಲೆ ಯಾರ ಮಾತು ನಡೀತದೆ, ಜಿಲ್ಲೆಯ ಬಲವೂ ಸಾಲದಿದ್ದರೆ ಮುಂದೇನು ಅನ್ನೋದನ್ನು ಹಾವೇರಿ ಜಿಲ್ಲೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದ್ದೇವೆ. ಬ್ಯಾಡಗಿ, ರಾಣೆಬೆನ್ನೂರು, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ರಟ್ಟೀಹಳ್ಳಿ, ಹಾವೇರಿ, ಯಾವ ತಾಲ್ಲೂಕಿನ ಓದುಗರಾದರೂ ತಮ್ಮ ಓಣಿಗೆ ಹೊಂದಿಸಿಕೊಂಡು ಓದಬಹುದು. ಕೊನೆಯಲ್ಲಿರುವ ಪಟ್ಟಿಯನ್ನು ಅಂಗಡಿ ಗೋಡೆಗೆ ಹಚ್ಚಿಟ್ಟುಕೊಳ್ಳಿ.

ಮೊದಲು ಮುಖ್ಯ ಮಾತು

- ಬೆಂಕಿ ಕಂಡ ಕೂಡಲೇ 112 ಅಥವಾ 101ಕ್ಕೆ ಫೋನ್ ಮಾಡಿ. "ಯಾರೋ ಮಾಡಿರ್ತಾರೆ" ಅಂತ ಸುಮ್ಮನಿರಬೇಡಿ.
- ಪಕ್ಕದ ತಾಲ್ಲೂಕಿನ ಗಾಡಿಯನ್ನು ಕರೆಸೋದು ಇಲಾಖೆಯ ಕೆಲಸ. ಆದರೆ ಅದು ಬೇಕಾ ಬೇಡವಾ ಅಂತ ಬೇಗ ತೀರ್ಮಾನ ಆಗೋದು ನಿಮ್ಮ ಫೋನ್‌ನಲ್ಲಿ ಸಿಗೋ ಮಾಹಿತಿಯಿಂದ.
- ಹೊರಗಿನ ಗಾಡಿ ಬರೋಕೆ ಅರ್ಧ ತಾಸಿನ ಮೇಲೇ ಹಿಡೀತದೆ ಅಂತ ಇಟ್ಟುಕೊಳ್ಳಿ. ಆ ಅರ್ಧ ತಾಸಿನಲ್ಲಿ ರಸ್ತೆ ತೆರವು, ಕರೆಂಟ್ ಬಂದ್, ನೀರಿನ ಮೂಲ, ಈ ಮೂರೂ ಊರಿನವರ ಕೈಯಲ್ಲಿವೆ.
- ಹತ್ತು ಗಾಡಿ ಬಂದರೂ ನೀರಿಲ್ಲದಿದ್ದರೆ, ದಾರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಒಂದು ಗಾಡಿ ಯಾಕೆ ಸಾಲೋದಿಲ್ಲ?

ಬಹಳ ಜನ ತಿಳ್ಕೊಂಡಿರೋದು ಏನಂದ್ರೆ, ಬೆಂಕಿ ದೊಡ್ಡದಾದರೆ ಮಾತ್ರ ಬೇರೆ ಗಾಡಿ ಬೇಕು ಅಂತ. ನಿಜ ಹೇಳಬೇಕಂದ್ರೆ ಬಹುಪಾಲು ಸಲ ಎರಡನೇ, ಮೂರನೇ ಗಾಡಿ ಬೇಕಾಗೋದು ನೀರಿಗಾಗಿ.

ಲೆಕ್ಕ ನೋಡಿ. ಸಾಮಾನ್ಯ ಅಗ್ನಿಶಾಮಕ ವಾಹನದ ಟ್ಯಾಂಕಿಯಲ್ಲಿ ಸುಮಾರು 4,500 ಲೀಟರ್ ನೀರು ಇರ್ತದೆ. ಸಿಬ್ಬಂದಿ ಕೈಯಲ್ಲಿ ಹಿಡಿಯೋ ಒಂದು ಪೈಪಿನಿಂದ ನಿಮಿಷಕ್ಕೆ ಸುಮಾರು 450 ಲೀಟರ್ ಹೊರಗೆ ಹೋಗ್ತದೆ. ಅಂದ್ರೆ ಒಂದೇ ಪೈಪು ಹಿಡಿದರೂ ಹತ್ತು ನಿಮಿಷಕ್ಕೆ ಟ್ಯಾಂಕಿ ಖಾಲಿ. ಎರಡು ಪೈಪು ಹಿಡಿದರೆ ಐದೇ ನಿಮಿಷ.

ಖಾಲಿಯಾದ ಗಾಡಿ ಮೂರು ಕಿಲೋಮೀಟರ್ ದೂರದ ನೀರಿನ ಜಾಗಕ್ಕೆ ಹೋಗಿ, ತುಂಬಿಸಿಕೊಂಡು, ಸಂತೆ ಜನರ ನಡುವೆ ದಾರಿ ಮಾಡ್ಕೊಂಡು ವಾಪಸ್ ಬರೋಕೆ 30 ನಿಮಿಷ ಹಿಡೀತು ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷ ನೀರು, ಮೂವತ್ತು ನಿಮಿಷ ಖಾಲಿ. ಆ ಮೂವತ್ತು ನಿಮಿಷದಲ್ಲಿ ಬೆಂಕಿ ಮತ್ತೆ ತಲೆ ಎತ್ತುತ್ತದೆ. ಒಂದೇ ಒಂದು ಪೈಪಿಗೆ ನೀರು ನಿಲ್ಲದಂತೆ ಕೊಡಬೇಕಂದ್ರೆ ನಾಲ್ಕು ಗಾಡಿ ಸರದಿಯಲ್ಲಿ ತಿರುಗಬೇಕು. ಎರಡು ಪೈಪಿಗೆ ಎಂಟು.

ಒಂದು ತಾಲ್ಲೂಕು ಠಾಣೆಯಲ್ಲಿ ಅಷ್ಟು ಗಾಡಿ ಇರೋದಿಲ್ಲ. ಅದಕ್ಕೇ ನಮ್ಮ ಕಣ್ಣಿಗೆ "ಸಣ್ಣ ಗೋದಾಮು" ಅನ್ನಿಸೋ ಬೆಂಕಿಗೂ ಎರಡು ಮೂರು ತಾಲ್ಲೂಕಿನ ಗಾಡಿಗಳನ್ನು ಕರೆಸೋದು. ಬೆಂಕಿ ಜಾಗದ ಹತ್ತಿರವೇ ದೊಡ್ಡ ಸಂಪು ಇದ್ದರೆ ಇದೇ ಲೆಕ್ಕ ಪೂರ್ತಿ ಬದಲಾಗ್ತದೆ. ಅದನ್ನು ಮುಂದೆ ನೋಡೋಣ.

ಪಕ್ಕದ ಠಾಣೆಯನ್ನು ಯಾರು ಕರೀತಾರೆ?

ಕರ್ನಾಟಕದಲ್ಲಿ ಒಂದು ಅನುಕೂಲ ಇದೆ. ನಮ್ಮಲ್ಲಿ ಎಲ್ಲ ಸರ್ಕಾರಿ ಅಗ್ನಿಶಾಮಕ ಠಾಣೆಗಳೂ ಒಂದೇ ರಾಜ್ಯ ಇಲಾಖೆಗೆ ಸೇರಿವೆ. ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಅಂತ ಅದರ ಹೆಸರು. 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ ಅದರ ಬುನಾದಿ. ಪಕ್ಕದ ಮಹಾರಾಷ್ಟ್ರದಲ್ಲಿ ಹಾಗಲ್ಲ, ಅಲ್ಲಿ ಫೈರ್ ಬ್ರಿಗೇಡ್ ಹೆಚ್ಚಾಗಿ ನಗರಪಾಲಿಕೆ, ನಗರಸಭೆಗಳ ಕೈಯಲ್ಲಿದೆ. ಒಂದು ಊರಿನ ಗಾಡಿ ಇನ್ನೊಂದು ಊರಿಗೆ ಹೋಗಬೇಕಂದ್ರೆ ಎರಡು ಸ್ಥಳೀಯ ಸಂಸ್ಥೆಗಳ ನಡುವೆ ಹೊಂದಾಣಿಕೆ ಬೇಕು. ಬ್ಯಾಡಗಿಗೆ ರಾಣೆಬೆನ್ನೂರಿನ ಗಾಡಿ ಬರೋಕೆ ಅಂಥ ತೊಡಕಿಲ್ಲ. ಇಲಾಖೆಯೊಳಗಿನ ಒಂದು ಸಂದೇಶ ಸಾಕು.

ಕ್ರಮ ಹೀಗಿರ್ತದೆ:

1. 112 ಅಥವಾ 101ಕ್ಕೆ ಕರೆ ಬಂದ ಮೇಲೆ ಹತ್ತಿರದ ಠಾಣೆಗೆ ಸಂದೇಶ ಹೋಗ್ತದೆ, ಗಾಡಿ ಹೊರಡ್ತದೆ.
2. ಸ್ಥಳಕ್ಕೆ ಬಂದ ಠಾಣಾಧಿಕಾರಿ ಅಥವಾ ತಂಡದ ಹಿರಿಯರು ಬೆಂಕಿಯ ಗಾತ್ರ, ಒಳಗೆ ಸಿಕ್ಕಿಕೊಂಡ ಜನ, ಪಕ್ಕದ ಕಟ್ಟಡ, ಇರೋ ನೀರು ನೋಡಿ "ಹೆಚ್ಚುವರಿ ಗಾಡಿ ಬೇಕು" ಅಂತ ಕಂಟ್ರೋಲ್ ರೂಮ್‌ಗೆ ತಿಳಿಸ್ತಾರೆ.
3. ಅಕ್ಕಪಕ್ಕದ ಠಾಣೆಗಳಿಗೆ ಕರೆ ಹೋಗ್ತದೆ. ಜಿಲ್ಲಾ ಅಗ್ನಿಶಾಮಕ ಅಧಿಕಾರಿ ಉಸ್ತುವಾರಿಗೆ ಬರ್ತಾರೆ.
4. ಜಿಲ್ಲೆಯ ಗಾಡಿಗಳೂ ಸಾಲದಿದ್ದರೆ ಪ್ರಾದೇಶಿಕ ಅಧಿಕಾರಿಗಳ ಮೂಲಕ ಬೇರೆ ಜಿಲ್ಲೆಯಿಂದ. ನಮಗೆ ಒಂದು ಕಡೆ ಹುಬ್ಬಳ್ಳಿ-ಧಾರವಾಡ, ಇನ್ನೊಂದು ಕಡೆ ಹರಿಹರ-ದಾವಣಗೆರೆ.

ಇದರಲ್ಲಿ ಎರಡನೇ ಹಂತವೇ ಹೊತ್ತು ತಿನ್ನೋದು. ಮೊದಲ ಗಾಡಿ ಹೋಗಿ ನೋಡಿದ ಮೇಲೆ ಎರಡನೇ ಕರೆ ಅಂದ್ರೆ ಹತ್ತು ಹದಿನೈದು ನಿಮಿಷ ಹೋಯ್ತು. ಫೋನ್ ಮಾಡಿದವರೇ "ಮೆಣಸಿನಕಾಯಿ ಗೋದಾಮು, ಪಕ್ಕದಲ್ಲಿ ಇನ್ನೂ ಮೂರು ಗೋದಾಮು ಅಂಟಿಕೊಂಡಿವೆ, ಜ್ವಾಲೆ ಚಾವಣಿ ದಾಟಿದೆ" ಅಂತ ಸರಿಯಾಗಿ ಹೇಳಿದರೆ, ಮೊದಲ ಗಾಡಿ ದಾರಿಯಲ್ಲಿರುವಾಗಲೇ ಎರಡನೆಯದನ್ನು ಹೊರಡಿಸೋಕೆ ಆಧಾರ ಸಿಗ್ತದೆ. "ಬೆಂಕಿ ಬಿದ್ದೈತಿ, ಬೇಗ ಬರ್ರಿ" ಅಂದಷ್ಟೇ ಹೇಳಿ ಫೋನ್ ಇಟ್ಟರೆ ಸಿಗೋದಿಲ್ಲ.

ಟಿವಿಯಲ್ಲಿ ಮುಂಬೈ ಬೆಂಕಿ ಸುದ್ದಿ ಬಂದಾಗ "ಲೆವೆಲ್-2", "ಲೆವೆಲ್-3" ಅಂತ ಹೇಳೋದನ್ನು ಕೇಳಿರ್ತೀರಿ. ಅದೂ ಇದೇ. ಲೆವೆಲ್ ಏರಿದಂತೆ ಹೆಚ್ಚು ಗಾಡಿ, ಹೆಚ್ಚು ಹಿರಿಯ ಅಧಿಕಾರಿ. ಪ್ರತಿ ಗಾಡಿಯನ್ನೂ ಬೇರೆ ಬೇರೆ ಫೋನ್‌ನಲ್ಲಿ ಬೇಡೋದು ಅದರಿಂದ ತಪ್ಪುತ್ತದೆ.

ಎಷ್ಟು ಹೊತ್ತಿಗೆ ಬರ್ತದೆ?

ನಗರದಲ್ಲಿ 5ರಿಂದ 7 ನಿಮಿಷ, ಹಳ್ಳಿ ಕಡೆ 20 ನಿಮಿಷದೊಳಗೆ ಮೊದಲ ಗಾಡಿ ತಲುಪಬೇಕು ಅನ್ನೋದು ರಾಷ್ಟ್ರಮಟ್ಟದ ಶಿಫಾರಸು. ಅದು ಸ್ವಂತ ಠಾಣೆಯ ಗಾಡಿಗೆ. ಪಕ್ಕದ ತಾಲ್ಲೂಕಿನದ್ದಕ್ಕೆ ರಸ್ತೆಯೇ ಉತ್ತರ ಹೇಳ್ತದೆ.

ಬ್ಯಾಡಗಿ ಪೇಟೆಗೆ ಹಾವೇರಿಯಿಂದ ಸುಮಾರು 15-20 ಕಿಲೋಮೀಟರ್, ರಾಣೆಬೆನ್ನೂರಿನಿಂದ ಸುಮಾರು 25-30. ನೀರು ತುಂಬಿದ ಭಾರದ ಗಾಡಿ ಹೆದ್ದಾರಿಯಲ್ಲಿ ಓಡಿ, ಮೋಟೆಬೆನ್ನೂರು ಹತ್ತಿರ ತಿರುಗಿ ಊರೊಳಗೆ ಬರೋಕೆ ಅರ್ಧ ತಾಸು, ಮುಕ್ಕಾಲು ತಾಸು ಲೆಕ್ಕ ಹಾಕಬೇಕು. ಹಾವೇರಿಗೆ ಹುಬ್ಬಳ್ಳಿಯಿಂದ ಬರಬೇಕಂದ್ರೆ 70 ಕಿಲೋಮೀಟರ್ ಮೇಲೆ, ಅಂದ್ರೆ ಒಂದೂವರೆ ತಾಸು.

ಹೀಗಾಗಿ ಹೊರಗಿನ ಗಾಡಿ ಬರೋ ಹೊತ್ತಿಗೆ ಮೊದಲು ಬೆಂಕಿ ಹತ್ತಿದ ಅಂಗಡಿ ಉಳಿಯೋದು ಕಷ್ಟ. ಆ ಗಾಡಿಗಳಿಂದ ಉಳಿಯೋದು ಅಕ್ಕಪಕ್ಕದ ಅಂಗಡಿಗಳು, ಹಿಂದಿನ ಓಣಿಯ ಮನೆಗಳು. ಅಗ್ನಿಶಾಮಕದವರು ಒಮ್ಮೊಮ್ಮೆ ಉರಿಯೋ ಅಂಗಡಿ ಬಿಟ್ಟು ಪಕ್ಕದ ಗೋಡೆಗೆ ನೀರು ಹೊಡೀತಾ ನಿಂತಾಗ ಜನ ಸಿಟ್ಟಾಗ್ತಾರೆ. ಅವರು ಮಾಡ್ತಿರೋದು ಉಳಿಸಬಹುದಾದ್ದನ್ನು ಉಳಿಸೋ ಕೆಲಸ. ಅದಕ್ಕೆ ಅಡ್ಡ ಬರಬೇಡಿ.

ನಾಲ್ಕು ಠಾಣೆಯವರು ಬಂದರೆ ಯಾರ ಮಾತು ನಡೀತದೆ?

ಬೇರೆ ಬೇರೆ ಊರಿನ ಗಾಡಿಗಳು ಒಟ್ಟಿಗೆ ಸೇರಿದಾಗ ಆಗೋ ದೊಡ್ಡ ತಪ್ಪು ಎಲ್ಲರೂ ನೇರ ಬೆಂಕಿ ಮುಂದೆ ಹೋಗಿ ನಿಲ್ಲೋದು. ಓಣಿ ಕಟ್ಟಿಕೊಳ್ಳುತ್ತದೆ, ಖಾಲಿ ಗಾಡಿ ಹೊರಗೆ ಬರೋಕಾಗಲ್ಲ, ತುಂಬಿದ ಗಾಡಿ ಒಳಗೆ ಹೋಗೋಕಾಗಲ್ಲ.

ಇದಕ್ಕೆ ಪರಿಹಾರ ಹುಡುಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದವರು. 1970ರಲ್ಲಿ ಅಲ್ಲಿ ಸಾಲು ಸಾಲು ಕಾಡ್ಗಿಚ್ಚು ಬಿದ್ದಾಗ ನೂರಾರು ಊರಿನ ಗಾಡಿಗಳು ಬಂದವು. ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳೀಲಿಲ್ಲ. ಆ ಅನುಭವದಿಂದ ಹುಟ್ಟಿದ ವ್ಯವಸ್ಥೆಯನ್ನು ನಮ್ಮ ದೇಶಕ್ಕೆ ಹೊಂದಿಸಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ನಾಲ್ಕು ಮಾತಿನಲ್ಲಿ:

- ಒಬ್ಬರೇ ಮುಖ್ಯಸ್ಥರು. ಸ್ಥಳದಲ್ಲಿ ಕಾರ್ಯಾಚರಣೆಗೆ ಒಬ್ಬ ಕಮಾಂಡರ್. ಯಾವ ಠಾಣೆಯಿಂದ ಬಂದರೂ ಅವರಿಗೆ ವರದಿ ಮಾಡಿಕೊಂಡೇ ಕೆಲಸಕ್ಕೆ ಇಳಿಯಬೇಕು.
- ಗಾಡಿ ನಿಲ್ಲೋಕೆ ಬೇರೆ ಜಾಗ. ಹೊರಗಿಂದ ಬಂದ ಗಾಡಿಗಳು ಮೊದಲು ಸ್ವಲ್ಪ ದೂರದ ಮೈದಾನ ಅಥವಾ ಅಗಲ ರಸ್ತೆಯಲ್ಲಿ ನಿಲ್ಲಬೇಕು. ಇದನ್ನು ಸ್ಟೇಜಿಂಗ್ ಏರಿಯಾ ಅಂತಾರೆ. ಕರೆದಾಗ ಒಂದೊಂದಾಗಿ ಒಳಗೆ.
- ಒಬ್ಬರ ಕೈಕೆಳಗೆ ಐದಾರು ಜನ ಅಥವಾ ತಂಡ. ಅದಕ್ಕಿಂತ ಹೆಚ್ಚಾದರೆ ಕೆಲಸ ಹಂಚಿ ಇನ್ನೊಬ್ಬರನ್ನು ನೇಮಿಸಬೇಕು: ಈ ಬದಿ ಒಬ್ಬರು, ಆ ಬದಿ ಒಬ್ಬರು, ನೀರಿಗೆ ಒಬ್ಬರು.
- ಸರಬರಾಜಿಗೆ ಬೇರೆ ತಂಡ. ಡೀಸೆಲ್, ಕುಡಿಯೋ ನೀರು, ಊಟ, ಲೈಟು. ಬೆಂಕಿ ಆರಿಸೋರೇ ಇದನ್ನೂ ನೋಡ್ಕೊಳ್ಳೋ ಹಾಗಾಗಬಾರದು.

ಬೆಂಕಿ ವಿಪತ್ತಿನ ಮಟ್ಟಕ್ಕೆ ಹೋದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಹೊಣೆ ಶುರುವಾಗ್ತದೆ. ಪೊಲೀಸ್, ಹೆಸ್ಕಾಂ, ಆರೋಗ್ಯ ಇಲಾಖೆ, ಪುರಸಭೆ, ಲೋಕೋಪಯೋಗಿ ಇಲಾಖೆ ಎಲ್ಲವನ್ನೂ ಒಟ್ಟು ಮಾಡೋದು ಅದರ ಕೆಲಸ. ಖಾಸಗಿ ನೀರಿನ ಟ್ಯಾಂಕರ್, ಜೆಸಿಬಿ, ಕ್ರೇನ್‌ಗಳನ್ನು ವಶಕ್ಕೆ ತಗೊಳ್ಳೋ ಅಧಿಕಾರ ಈ ಕಾಯ್ದೆಯಲ್ಲಿದೆ, ಮಾಲೀಕರಿಗೆ ಪರಿಹಾರ ಕೊಡಬೇಕು ಅನ್ನೋದೂ ಇದೆ. ಟ್ಯಾಂಕರ್ ಇಟ್ಟುಕೊಂಡವರು ಇದನ್ನು ನೆನಪಿಡಿ: ಲಿಖಿತ ಆದೇಶ, ಗಾಡಿ ನಂಬರ್, ಓಡಿದ ಹೊತ್ತು ಬರೆದಿಟ್ಟುಕೊಳ್ಳಿ.

ಪೈಪು ಕೂಡದೆ ಸುಟ್ಟುಹೋದ ಪೇಟೆ

ನೆರೆಯ ಸಹಾಯ ಬಂದೂ ಉಪಯೋಗಕ್ಕೆ ಬಾರದೇ ಹೋದ ಕಥೆಗಳಲ್ಲಿ ಹೆಸರಾದದ್ದು ಅಮೆರಿಕದ ಬಾಲ್ಟಿಮೋರ್ ಊರಿನದು. 1904ರ ಫೆಬ್ರುವರಿ 7, ಭಾನುವಾರ ಬೆಳಿಗ್ಗೆ ಪೇಟೆಯ ಒಂದು ಗೋದಾಮಿಗೆ ಬೆಂಕಿ ಬಿತ್ತು. ವಾಷಿಂಗ್ಟನ್‌ಗೆ ಸುದ್ದಿ ಹೋಯ್ತು, ರೈಲಿನ ಮೇಲೆ ಎಂಜಿನ್ ಹೇರಿಕೊಂಡು ಅವರು ಕೆಲವೇ ತಾಸಿನಲ್ಲಿ ಬಂದರು. ಆಮೇಲೆ ಫಿಲಡೆಲ್ಫಿಯಾ, ನ್ಯೂಯಾರ್ಕ್‌ನವರೂ ಬಂದರು. ಬಂದು ನೋಡಿದರೆ ಅವರ ಪೈಪಿನ ತುದಿ ಬಾಲ್ಟಿಮೋರ್‌ನ ನೀರಿನ ಹೈಡ್ರಂಟ್‌ಗೆ ಕೂಡಲೇ ಇಲ್ಲ. ಒಂದೊಂದು ಊರಿನದು ಒಂದೊಂದು ಅಳತೆ. ಬೆಂಕಿ ಸುಮಾರು 30 ತಾಸು ಉರಿದು, 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು.

ಅದಾದ ಮೇಲೆ ಅಲ್ಲಿ ಒಂದೇ ಅಳತೆಯ ಜೋಡಣೆ ಇರಬೇಕು ಅಂತ ನಿಯಮ ಬಂತು. ಹಾಗಿದ್ದೂ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಂಕಿಯಲ್ಲಿ ಇದೇ ತೊಂದರೆ ಮತ್ತೆ ಎದುರಾಯ್ತು. ಅಲ್ಲಿನ ಹೈಡ್ರಂಟ್ 3 ಇಂಚು, ಹೊರಗಿಂದ ಬಂದವರ ಪೈಪು ಎರಡೂವರೆ ಇಂಚು. ಆ ಬೆಂಕಿಯಲ್ಲಿ 25 ಜನ ತೀರಿಕೊಂಡರು.

ನಮ್ಮಲ್ಲಿ ಭಾರತೀಯ ಮಾನಕದಂತೆ 63 ಮಿಲಿಮೀಟರ್‌ನ, ತಿರುಗಿಸದೆ ಒತ್ತಿದರೆ ಕೂಡೋ ಜೋಡಣೆ ಬಳಕೆಯಲ್ಲಿದೆ. ಹಾವೇರಿ ಪೈಪು ರಾಣೆಬೆನ್ನೂರು ಗಾಡಿಗೆ ಕೂಡ್ತದೆ. ತೊಂದರೆ ಇರೋದು ಖಾಸಗಿ ಕಡೆ. ಗೋದಾಮು, ಮಿಲ್ಲು, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಹಾಕಿಸಿದ ಹೈಡ್ರಂಟ್ ಬಾಯಿ ತುಕ್ಕು ಹಿಡಿದಿರಬಹುದು, ರಬ್ಬರ್ ವಾಷರ್ ಹೋಗಿರಬಹುದು, ಯಾರೋ ಪ್ಲಂಬರ್ ಅಗ್ಗದ ಬೇರೆ ಅಳತೆ ಹಾಕಿರಬಹುದು. ಠಾಣೆಯವರನ್ನು ಒಮ್ಮೆ ಕರೆಸಿ ಅವರ ಪೈಪನ್ನೇ ಜೋಡಿಸಿ ನೋಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಗಾಡಿ ಕೊಟ್ಟ ತಾಲ್ಲೂಕಿನ ಗತಿ ಏನು?

ಇದನ್ನು ಯಾರೂ ಕೇಳೋದಿಲ್ಲ. ರಾಣೆಬೆನ್ನೂರಿನ ಗಾಡಿ ಬ್ಯಾಡಗಿಯಲ್ಲಿ ಇರುವಾಗ ರಾಣೆಬೆನ್ನೂರಿನಲ್ಲಿ ಬೆಂಕಿ ಬಿದ್ದರೆ? ದೊಡ್ಡ ಕಾರ್ಯಾಚರಣೆ ನಡೆಸೋ ಎಲ್ಲ ದೇಶಗಳಲ್ಲೂ ಇದಕ್ಕೊಂದು ಪದ್ಧತಿ ಇದೆ. ಮುಂದಿನ ಠಾಣೆ ಖಾಲಿಯಾದರೆ ಅದರ ಹಿಂದಿನ ಠಾಣೆಯ ಗಾಡಿ ಸ್ವಲ್ಪ ಮುಂದೆ ಸರಿದು ಎರಡಕ್ಕೂ ನಡುವೆ ನಿಲ್ತದೆ. ಎಲ್ಲ ಗಾಡಿಯನ್ನೂ ಒಂದೇ ಕಡೆ ಕಳಿಸಬಾರದು ಅನ್ನೋದು ಇದರ ಮೂಲ.

ನಮ್ಮ ಜಿಲ್ಲೆಗೆ ಇದು ಬೇಸಿಗೆಯಲ್ಲಿ ಬಿಸಿ ಮುಟ್ಟಿಸೋ ವಿಷಯ. ಜನವರಿಯಿಂದ ಏಪ್ರಿಲ್ ತನಕ ಬ್ಯಾಡಗಿಗೆ ಮೆಣಸಿನಕಾಯಿ ಆವಕ ಏರಿರ್ತದೆ. ಅದೇ ಹೊತ್ತಿಗೆ ಹಳ್ಳಿಗಳಲ್ಲಿ ಮೇವಿನ ಬಣವೆ, ಕಬ್ಬಿನ ಗದ್ದೆ, ಗುಡ್ಡದ ಹುಲ್ಲಿನ ಬೆಂಕಿ. ಎಲ್ಲ ಠಾಣೆಗಳೂ ಒಂದೇ ಸಲ ಓಡಾಟದಲ್ಲಿರ್ತವೆ. ಆದ್ದರಿಂದ ಕಸಕ್ಕೆ ಬೆಂಕಿ ಹಚ್ಚಿ ಗುಡ್ಡಕ್ಕೆ ಹಬ್ಬಿಸೋದು, ತಮಾಷೆಗೆ ಸುಳ್ಳು ಕರೆ ಮಾಡೋದು ಎರಡೂ ಇನ್ನೊಂದು ತಾಲ್ಲೂಕಿನವರ ಅಂಗಡಿಯನ್ನು ಅಪಾಯಕ್ಕೆ ದೂಡಿದಂತೆ.

ಸ್ವಂತ ಗಾಡಿಯೇ ಇಲ್ಲದಂತಾದರೆ ಏನಾಗ್ತದೆ ಅನ್ನೋದನ್ನು ಬ್ಯಾಡಗಿ ಕಂಡಿದೆ. 2024ರ ಮಾರ್ಚ್ 11ರಂದು ದರ ಕುಸಿತದ ಸಿಟ್ಟಿನಲ್ಲಿ ಮಾರುಕಟ್ಟೆಯಲ್ಲಿ ಗಲಾಟೆ ಆದಾಗ ಎಪಿಎಂಸಿ ಕಚೇರಿ, ವಾಹನಗಳ ಜೊತೆ ಅಗ್ನಿಶಾಮಕ ವಾಹನಕ್ಕೂ ಬೆಂಕಿ ಬಿತ್ತು. ಸಿಟ್ಟು ಯಾರ ಮೇಲೇ ಇರಲಿ, ಫೈರ್ ಗಾಡಿ ಸುಟ್ಟರೆ ಮುಂದಿನ ಅರ್ಧ ತಾಸು ಇಡೀ ಪೇಟೆ ದೇವರ ಮೇಲೆ ಭಾರ.

ನಮ್ಮ ಜಿಲ್ಲೆಯಲ್ಲಿ ಹೊರಗಿನ ಸಹಾಯ ಬೇಕಾಗಬಹುದಾದ ಜಾಗಗಳು

*ಮೆಣಸಿನಕಾಯಿ ಗೋದಾಮು:* ಒಣ ಕಾಯಿ ಬೇಗ ಹತ್ತುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆ ಹೊಗೆಯದು. ಕಣ್ಣು ಬಿಡೋಕಾಗಲ್ಲ, ಉಸಿರಾಡೋಕಾಗಲ್ಲ. ಒಳಗೆ ಹೋಗೋ ಸಿಬ್ಬಂದಿಗೆ ಬೆನ್ನಿಗೆ ಹಾಕೋ ಗಾಳಿ ಸಿಲಿಂಡರ್ ಬೇಕು, ಒಂದು ಸಿಲಿಂಡರ್ ಅರ್ಧ ತಾಸಿನ ಸುಮಾರು ಬರ್ತದೆ. ಇಲ್ಲಿ ಪಕ್ಕದ ಠಾಣೆಯಿಂದ ಗಾಡಿಗಿಂತ ಸಿಲಿಂಡರ್ ಮತ್ತು ದಣಿಯದ ಜನ ಬೇಕಾಗ್ತಾರೆ.

*ಕೋಲ್ಡ್ ಸ್ಟೋರೇಜ್:* ಗೋಡೆಯೊಳಗಿನ ಥರ್ಮೋಕೋಲ್, ಫೋಮ್ ಹತ್ತಿಕೊಂಡರೆ ಕಪ್ಪು ಹೊಗೆ, ಕಿಟಕಿ ಇಲ್ಲದ ಕಟ್ಟಡ. ಅಮೋನಿಯಾ ಬಳಸೋ ಘಟಕವಾದರೆ ಅನಿಲ ಸೋರೋ ಅಪಾಯ. ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಗಾಳಿ ಯಾವ ಕಡೆಯಿಂದ ಬೀಸ್ತದೋ ಆ ಕಡೆಗೆ ಸರಿಯಿರಿ. ಗಾಳಿ ಹೋಗೋ ಕಡೆ ಓಡಬೇಡಿ.

*ಹತ್ತಿ ಜಿನ್ನಿಂಗ್ ಮಿಲ್:* ಮೇಲೆ ಆರಿದಂತೆ ಕಂಡರೂ ಬೇಲಿನ ಒಳಗೆ ಕೆಂಡ ತಾಸುಗಟ್ಟಲೆ ಇರ್ತದೆ. ಒಂದೊಂದೇ ಬೇಲ್ ಹೊರಗೆ ಎಳೆದು ಬಿಚ್ಚಿ ನೀರು ಹಾಕಬೇಕು. ಜೆಸಿಬಿ ಬೇಕು, ಸರದಿ ಮೇಲೆ ಜನ ಬೇಕು.

*ಪಟಾಕಿ ದಾಸ್ತಾನು:* 2023ರ ಆಗಸ್ಟ್ ಕೊನೆಯಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿನ ಬೆಂಕಿಯಲ್ಲಿ ಕಾರ್ಮಿಕರು ಜೀವ ಕಳೆದುಕೊಂಡದ್ದು, ಅದಾಗಿ ಒಂದೂವರೆ ತಿಂಗಳೊಳಗೆ ಅಕ್ಟೋಬರ್ 7ರಂದು ಬೆಂಗಳೂರು ಬಳಿಯ ಅತ್ತಿಬೆಲೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ಯಾರೂ ಮರೆತಿಲ್ಲ. ಪಟಾಕಿಯಲ್ಲಿ ಎಷ್ಟೇ ಗಾಡಿ ಬಂದರೂ ಮೊದಲ ಕೆಲವು ನಿಮಿಷದಲ್ಲೇ ಎಲ್ಲ ಮುಗಿದಿರ್ತದೆ. ಇದಕ್ಕೆ ಮುನ್ನೆಚ್ಚರಿಕೆ ಬಿಟ್ಟು ಬೇರೆ ದಾರಿ ಇಲ್ಲ.

*ಹೆದ್ದಾರಿ 48ರ ಟ್ಯಾಂಕರ್:* ಟ್ಯಾಂಕರ್ ಹಿಂದೆ, ಬದಿಗೆ ಹಲಗೆಯ ಮೇಲೆ ನಾಲ್ಕಂಕಿ ಇರ್ತದೆ. 1075 ಅಂದ್ರೆ ಎಲ್‌ಪಿಜಿ, 1203 ಪೆಟ್ರೋಲ್, 1202 ಡೀಸೆಲ್, 1005 ಅಮೋನಿಯಾ. ದೂರದಿಂದಲೇ ಓದಿ 112ಕ್ಕೆ ಹೇಳಿ, ಯಾವ ಗಾಡಿ, ಯಾವ ನೊರೆ ಬೇಕು ಅಂತ ಅವರಿಗೆ ತಿಳೀತದೆ. ಎಲ್‌ಪಿಜಿ ಟ್ಯಾಂಕರ್‌ಗೆ ಬೆಂಕಿ ತಗುಲಿದರೆ ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗಬೇಕು. ವಿಡಿಯೋ ಮಾಡ್ತಾ ನಿಲ್ಲೋ ಜಾಗ ಅದಲ್ಲ.

*ದೊಡ್ಡ ಕಾರ್ಖಾನೆಗಳು:* ಕುಮಾರಪಟ್ಟಣಂ ಕಡೆಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಅಪಾಯಕಾರಿ ರಾಸಾಯನಿಕ ಬಳಸೋ ಕಾರ್ಖಾನೆಗಳಿಗೆ 1989ರ ನಿಯಮ ಅನ್ವಯಿಸ್ತದೆ. ಕಾರ್ಖಾನೆ ಒಳಗಿನ ತುರ್ತು ಯೋಜನೆ ಮಾಲೀಕರದ್ದು, ಗೇಟಿನ ಹೊರಗಿನದು ಜಿಲ್ಲಾಡಳಿತದ್ದು. ಹೊರಗಿನ ಯೋಜನೆಯ ಅಣಕು ಪ್ರದರ್ಶನ ವರ್ಷಕ್ಕೊಮ್ಮೆಯಾದರೂ ಆಗಬೇಕು. 1996ರ ನಿಯಮದಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಕ್ರೈಸಿಸ್ ಗ್ರೂಪ್ ಇರ್ತದೆ. ಅಕ್ಕಪಕ್ಕದ ಕಾರ್ಖಾನೆಗಳು ತಮ್ಮ ಫೈರ್ ಗಾಡಿ, ನೊರೆ, ಜನರನ್ನು ಪರಸ್ಪರ ಕಳಿಸಿಕೊಡೋ ಒಪ್ಪಂದ ಮಾಡ್ಕೊಳ್ಳೋ ಪದ್ಧತಿಯೂ ಇದೆ. ಸುತ್ತಲಿನ ಗ್ರಾಮ ಪಂಚಾಯ್ತಿಯವರು "ಸೈರನ್ ಆದಾಗ ನಾವು ಎತ್ತ ಹೋಗಬೇಕು?" ಅಂತ ಸಭೆಯಲ್ಲಿ ಕೇಳಬೇಕು. ಕೇಳೋದು ಅವರ ಹಕ್ಕು.

ಜಿಲ್ಲೆಯ ಬಲವೂ ಸಾಲದಿದ್ದರೆ?

ಮುಂದಿನ ಮೆಟ್ಟಿಲು ಎಸ್‌ಡಿಆರ್‌ಎಫ್. ಕರ್ನಾಟಕದಲ್ಲಿ ಇದು ಅಗ್ನಿಶಾಮಕ ಇಲಾಖೆಯ ಅಡಿಯಲ್ಲೇ ಇದೆ. ಅದರ ಮೇಲೆ ಕೇಂದ್ರದ ಎನ್‌ಡಿಆರ್‌ಎಫ್, ನಂತರ ಸೇನೆ, ವಾಯುಪಡೆ. ಕರೆಸೋದು ಜಿಲ್ಲಾಡಳಿತ ಮತ್ತು ರಾಜ್ಯ ಸರ್ಕಾರ.

ಎರಡು ಉದಾಹರಣೆ, ಎರಡೂ 2019ರವು. ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಾಗ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ, ಸ್ವಯಂಸೇವಕರು ಸೇರಿದರೂ ಗುಡ್ಡದ ಮೇಲೆ ಗಾಡಿ ಹತ್ತಲಿಲ್ಲ. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಮಾರ್ಚ್ 19ರಂದು ನಮ್ಮ ಪಕ್ಕದ ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಅಗ್ನಿಶಾಮಕ, ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್, ಪೊಲೀಸರು ಹಗಲು ರಾತ್ರಿ ಅವಶೇಷ ಸರಿಸಿದರು. 19 ಜನ ತೀರಿಕೊಂಡರು, ಹಲವರನ್ನು ಜೀವಂತ ಹೊರತೆಗೆದರು.

ಎರಡರಲ್ಲೂ ಕಾಣೋದು ಒಂದೇ. ದೊಡ್ಡ ತಂಡಗಳು ಬರೋಕೆ ತಾಸುಗಳು, ಒಮ್ಮೊಮ್ಮೆ ದಿನಗಳೇ ಬೇಕು. ಅಲ್ಲಿಯವರೆಗೆ ಹಿಡಿದಿಡೋರು ತಾಲ್ಲೂಕಿನವರು.

ನೀರು: ಊರಿನವರು ಕೊಡಬಹುದಾದ ದೊಡ್ಡ ಸಹಾಯ

"ನಮ್ಮ ಬೋರ್ ಇದೆ, ತುಂಬಿಸಿಕೊಳ್ರಿ" ಅಂತ ಬಹಳ ಜನ ಹೇಳ್ತಾರೆ. ಒಳ್ಳೆ ಮನಸ್ಸು, ಆದರೆ ಲೆಕ್ಕ ಬೇರೆ. ಗಂಟೆಗೆ 9,000 ಲೀಟರ್ ಕೊಡೋ ಬೋರ್‌ನಿಂದ ಒಂದು ಗಾಡಿ ತುಂಬಲು ಅರ್ಧ ತಾಸು ಬೇಕು. ಅದೇ ಬೋರ್‌ನ ನೀರು ಮೊದಲೇ ಸಂಪಿನಲ್ಲಿ ತುಂಬಿದ್ದರೆ ಗಾಡಿಯ ಪಂಪು ಮೂರ್ನಾಲ್ಕು ನಿಮಿಷದಲ್ಲಿ ಎಳೆದುಕೊಳ್ತದೆ. 20,000 ಲೀಟರ್ ಸಂಪು ಅಂದ್ರೆ ಒಂದು ಪೈಪಿಗೆ ಮುಕ್ಕಾಲು ತಾಸಿನ ನೀರು. ಪಕ್ಕದ ತಾಲ್ಲೂಕಿನ ಗಾಡಿ ಬರೋ ತನಕ ಅದು ಸಾಕು.

ಇನ್ನೊಂದು ಮಾತು. ಫೈರ್ ಗಾಡಿಯ ಪಂಪು ಸುಮಾರು 7 ಮೀಟರ್‌ಗಿಂತ ಆಳದ ನೀರನ್ನು ಎಳೆಯಲಾರದು. ಪಂಪು ಎಷ್ಟೇ ದೊಡ್ಡದಿರಲಿ, ಗಾಳಿಯ ಒತ್ತಡದ ಮಿತಿ ಅದು. ಹಾಗಾಗಿ ಬೇಸಿಗೆಯಲ್ಲಿ ಆಳಕ್ಕೆ ಇಳಿದ ಬಾವಿ ಉಪಯೋಗಕ್ಕೆ ಬಾರದು. ಕೆರೆ ದಂಡೆಯಾದರೆ ಭಾರದ ಗಾಡಿ ನೀರಿನ ಹತ್ತಿರ ಹೋಗಿ ನಿಲ್ಲೋಕೆ ಗಟ್ಟಿ ನೆಲ ಬೇಕು. ಪುರಸಭೆ, ವರ್ತಕರ ಸಂಘದವರು ಸೇರಿ ಪೇಟೆಯೊಳಗಿನ ಸಂಪುಗಳ ಪಟ್ಟಿ ಮಾಡಿ, ಮುಚ್ಚಳದ ಮೇಲೆ ಕೆಂಪು ಬಣ್ಣ ಹಚ್ಚಿ, ಪಟ್ಟಿಯ ಪ್ರತಿ ಠಾಣೆಗೆ ಕೊಡಬಹುದು. ಹೊರಗಿಂದ ಬಂದವರಿಗೆ ನಿಮ್ಮೂರಿನ ನೀರು ಎಲ್ಲಿದೆ ಅಂತ ಗೊತ್ತಿರೋದಿಲ್ಲ.

ಗೋಡೆಗೆ ಹಚ್ಚಿಕೊಳ್ಳೋ ಪಟ್ಟಿ

*ಬೆಂಕಿ ಬೀಳೋ ಮುಂಚೆ*

- ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆ ಕೇಳಿ ಬರೆದಿಡಿ. 112, 101 ಜೊತೆಗೆ ಅದೂ ಇರಲಿ.
- ಓಣಿಯ ಬಾಯಿಯಲ್ಲಿ ಕೈಗಾಡಿ, ಲಾರಿ, ಶೆಡ್ ಇಡಬೇಡಿ. ಗಾಡಿ ಎರಡೂವರೆ ಮೀಟರ್‌ನಷ್ಟು ಅಗಲ, ಪೈಪು ಇಳಿಸೋಕೆ ಎರಡೂ ಬದಿ ಜಾಗ ಬೇಕು. ಸೋಮವಾರ, ಗುರುವಾರದ ಮೆಣಸಿನಕಾಯಿ ಪೇಟೆ ದಿನ ಒಂದು ರಸ್ತೆಯಾದರೂ ಖಾಲಿ ಇರಲಿ.
- ಅಡ್ಡ ಕಟ್ಟಿದ ಬ್ಯಾನರ್, ಜೋತುಬಿದ್ದ ಕೇಬಲ್ ತೆಗೆಸಿ.
- ಗೋದಾಮಿನ ಮೇನ್ ಸ್ವಿಚ್ ಎಲ್ಲಿದೆ ಅಂತ ಹಮಾಲರಿಗೂ ಗೊತ್ತಿರಲಿ.

*ಫೋನ್‌ನಲ್ಲಿ ಹೇಳಬೇಕಾದ್ದು*

- ಊರು, ತಾಲ್ಲೂಕು, ಜಿಲ್ಲೆ. ಒಂದೇ ಹೆಸರಿನ ಊರು ಹಲವು ಇವೆ, ಫೋನ್ ಎತ್ತಿದವರು ನಿಮ್ಮ ಜಿಲ್ಲೆಯವರೇ ಅಂತ ತಿಳಿಯಬೇಡಿ.
- ಏನು ಉರೀತಿದೆ, ಒಳಗೆ ಜನ ಇದ್ದಾರಾ, ಪಕ್ಕದಲ್ಲಿ ಏನಿದೆ.
- ಯಾವ ಕಡೆಯಿಂದ ಗಾಡಿ ಬರಬಹುದು, ಹತ್ತಿರದ ನೀರು ಎಲ್ಲಿ.
- ಅವರು ಇಡೋ ತನಕ ಫೋನ್ ಇಡಬೇಡಿ.

*ಗಾಡಿ ಬರೋ ತನಕ*

- ಕರೆಂಟ್ ಬಂದ್ ಮಾಡಿಸಿ. ಹೆಸ್ಕಾಂ ಸಹಾಯವಾಣಿ 1912. ಗಾಯಾಳು ಇದ್ದರೆ 108.
- ಒಬ್ಬರನ್ನು ಹೆದ್ದಾರಿ ಕ್ರಾಸ್‌ನಲ್ಲಿ, ಒಬ್ಬರನ್ನು ಓಣಿ ಬಾಯಿಯಲ್ಲಿ ನಿಲ್ಲಿಸಿ. ಬೇರೆ ತಾಲ್ಲೂಕಿನ ಚಾಲಕರಿಗೆ ನಿಮ್ಮೂರ ಸಂದಿಗೊಂದಿ ಗೊತ್ತಿಲ್ಲ.
- ಮಾಲು ಉಳಿಸೋಕೆ ಒಳಗೆ ನುಗ್ಗಬೇಡಿ. ಹೊಗೆಯಲ್ಲಿ ಎರಡು ನಿಮಿಷ ಸಾಕು, ಪ್ರಜ್ಞೆ ತಪ್ಪುತ್ತದೆ.

*ಗಾಡಿ ಬಂದ ಮೇಲೆ*

- ಪೈಪಿನ ಮೇಲೆ ಬೈಕ್, ಟ್ರ್ಯಾಕ್ಟರ್ ಹತ್ತಿಸಬೇಡಿ.
- "ಮೊದಲು ನನ್ನ ಅಂಗಡಿಗೆ ಹೊಡೀರಿ" ಅಂತ ಪೈಪು ಹಿಡಿದವರನ್ನು ಎಳೆಯಬೇಡಿ. ಊರಿನ ಪರವಾಗಿ ಒಬ್ಬರೇ ಅಧಿಕಾರಿ ಜೊತೆ ಮಾತಾಡಲಿ. ಒಳಗಿನ ನಕ್ಷೆ, ಮಾಲು ಗೊತ್ತಿರೋ ಮಾಲೀಕ ಅಥವಾ ಗುಮಾಸ್ತ ಅವರ ಪಕ್ಕ ಇರಲಿ.
- ಜನರನ್ನು ಸರಿಸೋ, ರಸ್ತೆ ಮುಚ್ಚೋ, ಬಾಗಿಲು ಒಡೆಯೋ, ನೀರಿನ ಮೂಲ ಬಳಸೋ ಅಧಿಕಾರ ಅಗ್ನಿಶಾಮಕದವರಿಗೆ ಕಾನೂನಿನಲ್ಲೇ ಇದೆ.

*ಬೆಂಕಿ ಆರಿದ ಮೇಲೆ*

- ಸಿಬ್ಬಂದಿ ಹೇಳೋ ತನಕ ಒಳಗೆ ಹೋಗಬೇಡಿ. ಗೋಡೆ, ಚಾವಣಿ ಕುಸಿಯಬಹುದು.
- ವಿಮೆಗೆ ಅಗ್ನಿಶಾಮಕ ಇಲಾಖೆಯ ವರದಿ, ಪೊಲೀಸ್ ದೂರಿನ ಪ್ರತಿ, ಪಂಚನಾಮೆ, ದಾಸ್ತಾನು ಪುಸ್ತಕ ಕೇಳ್ತಾರೆ. ಲೆಕ್ಕದ ಪುಸ್ತಕದ ಒಂದು ಪ್ರತಿ ಮನೆಯಲ್ಲಿ ಅಥವಾ ಮೊಬೈಲ್‌ನಲ್ಲಿ ಇರಲಿ.

ಅಗ್ನಿಶಾಮಕ ಸಪ್ತಾಹವನ್ನು ಬಳಸಿಕೊಳ್ಳಿ

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿ ತುಂಬಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಜೀವ ಕೊಟ್ಟರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ತನಕ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೀತದೆ. ಆ ವಾರ ಠಾಣೆಯವರು ಊರೂರಿಗೆ ಬಂದು ಪ್ರಾತ್ಯಕ್ಷಿಕೆ ತೋರಿಸ್ತಾರೆ.

ಈ ಸಲ ವರ್ತಕರ ಸಂಘದವರು ಬರೀ ನೋಡಿ ಚಪ್ಪಾಳೆ ತಟ್ಟಿ ಕಳಿಸದೆ ಮೂರು ಕೆಲಸ ಕೇಳಿಕೊಳ್ಳಬಹುದು. ನಮ್ಮ ಪೇಟೆಯ ಓಣಿಯಲ್ಲಿ ಗಾಡಿ ನಿಜವಾಗಿ ಒಳಗೆ ಬರ್ತದಾ ಅಂತ ಓಡಿಸಿ ನೋಡಿ. ನಮ್ಮ ಸಂಪಿನಿಂದ ನೀರು ಎಳೆದು ನೋಡಿ. ಪಕ್ಕದ ತಾಲ್ಲೂಕಿನ ಗಾಡಿಯನ್ನೂ ಒಮ್ಮೆ ಕರೆಸಿ, ಅದು ಎಲ್ಲಿ ನಿಲ್ಲಬೇಕು, ಯಾವ ದಾರಿ ಹಿಡೀಬೇಕು ಅಂತ ಚಾಲಕರಿಗೆ ತೋರಿಸಿ. ಒಂದು ಮುಂಜಾನೆಯ ಕೆಲಸ. ಪೇಟೆ ದಿನ ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ವ್ಯಾಪಾರಕ್ಕೂ ತೊಂದರೆ ಇಲ್ಲ.